ಹೋಗುವ ದಾರಿಯ ಬಸ್ ಚಾರ್ಜು

ನನ್ನ ಯಜಮಾನರು ತೀರಿಕೊಂಡ ಮೇಲೂ ಎಷ್ಟೋ ದಿನ ಬೆಳಗ್ಗೆ ಎದ್ದವಳೇ ನಾನು ಸಿರಿಂಜುಗಳನ್ನು ಕುದಿಯಲು ಇಡುತ್ತಿದ್ದೆ. ಸೀಮೆಎಣ್ಣೆ ಸ್ಟವ್ ಹಚ್ಚಿ, ಸ್ಟೀಲಿನ ಡಬ್ಬಿಗೆ ನೀರು ಹಾಕಿ, ಗಾಜಿನ ಸಿರಿಂಜು ಮತ್ತು ಸೂಜಿಗಳನ್ನು ಅದರೊಳಗೆ ಬಿಟ್ಟು ಮುಚ್ಚಿದರೆ, ಸ್ವಲ್ಪ ಹೊತ್ತಿಗೆ ಅವು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನತೊಡಗುತ್ತಿದ್ದವು. ಅವರು ಇದ್ದಾಗ ಆ ಸದ್ದಿಗೆ ಮುಂದಿನ ಕೋಣೆಯಲ್ಲಿ ಒಮ್ಮೆ ಕೆಮ್ಮಿ ಕುರ್ಚಿ ಹಿಂದಕ್ಕೆ ಎಳೆಯುತ್ತಿದ್ದರು. ಈಗ ಗಾಜಿನ ಸದ್ದು ಬರುತ್ತಿತ್ತು, ಕುರ್ಚಿಯ ಸದ್ದು ಬರುತ್ತಿರಲಿಲ್ಲ. ಬಂದೀತು ಎಂದು ಸ್ಟವ್ ಆರಿಸದೆ ನಿಂತಿರುತ್ತಿದ್ದೆ. ಒಂದೆರಡು ಸಲ ಬಂದೂ ಬಂತು. ಅದನ್ನು ಯಾರಿಗೂ ಹೇಳಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಾವಿದ್ದದ್ದು ದಾಸರಹಳ್ಳಿಯಲ್ಲಿ, ತುಮಕೂರು ರಸ್ತೆಗೆ ಮುಖ ಮಾಡಿದ್ದ ಹೆಂಚಿನ ಮನೆಯಲ್ಲಿ. ಮುಂದಿನ ಕೋಣೆ ಅವರ ಕ್ಲಿನಿಕ್ಕು, ಹಿಂದಿನ ಎರಡು ಕೋಣೆ ನಮ್ಮ ಸಂಸಾರ. ಮಕ್ಕಳಿರಲಿಲ್ಲ. ಪಕ್ಕದ ಪೀಣ್ಯದ ಕಾರ್ಖಾನೆಗಳಲ್ಲಿ ತಗಡು ಒತ್ತುವ ಪ್ರೆಸ್ ಮಿಷನ್ನುಗಳು ಬಡಿಯತೊಡಗಿದರೆ ನಮ್ಮ ಮನೆಯ ನೆಲಕ್ಕೆ ಗೊತ್ತಾಗುತ್ತಿತ್ತು. ತಟ್ಟೆಯಲ್ಲಿಟ್ಟ ಲೋಟ ಸಣ್ಣಗೆ ನಡುಗುತ್ತಿತ್ತು. ಅಲ್ಲಿಯ ಕೆಲಸಗಾರರೇ ನಮ್ಮ ರೋಗಿಗಳು. ಕಣ್ಣಿಗೆ ಕಬ್ಬಿಣದ ಚೂರು ಸಿಡಿದವರು, ಬಿಸಿ ಎಣ್ಣೆ ಬಿದ್ದು ಮುಂಗೈ ಬೆಂದವರು, ಬೆರಳು ಕಳೆದುಕೊಂಡವರು. ಯಜಮಾನರು ರೋಗಿಯನ್ನು ಬಾಗಿಲ ಬಳಿ ಬೆಳಕಿಗೆ ಮುಖ ತಿರುಗಿಸಿ ಕೂರಿಸಿ, ಒದ್ದೆ ಹತ್ತಿಯ ತುದಿಯಿಂದ ಕಣ್ಣಿನ ಚೂರು ತೆಗೆಯುವಾಗ ತಾವೂ ಉಸಿರು ಹಿಡಿದುಕೊಳ್ಳುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಅವರ ಪಕ್ಕದಲ್ಲಿ ನಿಂತು ಕಲಿತೆ.

ಒಂದು ದಿನ ಸರ್ಕಾರದವರು ಅವರನ್ನು ವೈದ್ಯರ ಮಂಡಳಿಗೆ ಸದಸ್ಯರನ್ನಾಗಿ ನೇಮಿಸಿದರು. ರಾಜ್ಯದಲ್ಲಿ ಯಾರು ಡಾಕ್ಟರಾಗಿ ಕೆಲಸ ಮಾಡಬಹುದು, ಯಾರು ಮಾಡಬಾರದು ಎಂದು ನೋಡುವ, ಡಾಕ್ಟರುಗಳ ಹೆಸರು ನೋಂದಾಯಿಸುವ, ತಪ್ಪು ಮಾಡಿದವರ ಹೆಸರು ತೆಗೆಯುವ ಮಂಡಳಿ ಅದು. ಸದಸ್ಯರಲ್ಲಿ ಕೆಲವರನ್ನು ಡಾಕ್ಟರುಗಳೇ ಓಟು ಹಾಕಿ ಆರಿಸುತ್ತಾರೆ, ಕೆಲವರನ್ನು ಸರ್ಕಾರ ನೇಮಿಸುತ್ತದೆ. ಕಾರ್ಖಾನೆ ಪ್ರದೇಶದಿಂದ ಒಬ್ಬರು ಇರಲಿ ಎಂದು ಯಾರೋ ಇವರ ಹೆಸರು ಹೇಳಿದ್ದರಂತೆ. ಯಾರು ಎಂದು ಇವರಿಗೂ ಗೊತ್ತಾಗಲಿಲ್ಲ.

ಸುದ್ದಿ ನಮ್ಮ ಬೀದಿಯಲ್ಲಿ ಬೇರೆಯೇ ಆಗಿ ಹಬ್ಬಿತು. ಡಾಕ್ಟರು ಸರ್ಕಾರದವರಾದರು, ದೊಡ್ಡ ಸಂಬಳ, ಜೀಪು, ಡ್ರೈವರು. ನಮ್ಮ ಮನೆಯೊಡತಿ ಆ ಊರಿನ ಹಳೆಯ ಒಕ್ಕಲು ಮನೆತನದವರು. ಅವರ ರಾಗಿ ಹೊಲದ ಅರ್ಧಭಾಗ ಕಾರ್ಖಾನೆ ಶೆಡ್ಡುಗಳಿಗೆ ಹೋಗಿ, ಉಳಿದರ್ಧದಲ್ಲಿ ಬಾಡಿಗೆ ಮನೆಗಳು ಎದ್ದಿದ್ದವು. ಅವರು ಹಾಲು ತಂದುಕೊಡುತ್ತಾ ಕೇಳಿದರು:

"ಏನವ್ವ, ಜೀಪು ಯಾವತ್ತು ಬತ್ತದೆ?"

"ಯಾವ ಜೀಪೂ ಇಲ್ಲ ಕಣಮ್ಮ. ಬಸ್ಸಿನಲ್ಲೇ ಹೋಗ್ಬೇಕು."

"ಇಂಗಂದ್ರೆ ನಾನು ಬಾಡಿಗೆ ಏರಿಸಲ್ಲ ಅಂದ್ಕಂಡ್ಯಾ? ಏರಿಸಾಕಿಲ್ಲ ಬುಡು. ಜೀಪು ಮಾತ್ರ ನಮ್ ಬಾಗ್ಲಲ್ಲೇ ನಿಲ್ಲಬೇಕು. ಊರೋರೆಲ್ಲ ನೋಡ್ಲಿ."

ಮಾರನೆಯ ದಿನ ಅವರು ಮನೆಮುಂದಿನ ಹುಲ್ಲುಮೆದೆಯನ್ನು ಹಿತ್ತಲಿಗೆ ಸಾಗಿಸಿ, ಆ ಜಾಗವನ್ನು ಗುಡಿಸಿ, ಸಗಣಿ ನೀರು ಹಾಕಿಸಿದರು. ಜೀಪಿಗೆ. ನಾವಿಬ್ಬರೂ ಕಿಟಕಿಯಲ್ಲಿ ನಿಂತು ನಕ್ಕೆವು. ಯಜಮಾನರು ನಗುವಾಗ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು.

ಆ ರಾತ್ರಿ ಊಟ ಬಡಿಸುವಾಗ ಅವರು ನಿಯಮಗಳನ್ನು ನನಗೆ ಹೇಳಿದರು. ಹೇಳಲೇಬೇಕಾಗಿತ್ತು, ಯಾಕೆಂದರೆ ನನಗೂ ಒಳಗೊಳಗೆ ಸಂಬಳದ ಆಸೆ ಇತ್ತು. ಸಂಬಳ ಇಲ್ಲ. ಪೆನ್ಷನ್ ಇಲ್ಲ. ಐದು ವರ್ಷದ ಅವಧಿ. ಸಭೆಗೆ ಹೋದ ದಿನ, ಸಭೆಯಲ್ಲಿ ಕೂತದ್ದಕ್ಕೆ ಒಂದಿಷ್ಟು ಭತ್ಯೆ, ಹೋಗಿಬರುವ ಬಸ್ ಚಾರ್ಜು. ಅಷ್ಟೇ. ಮತ್ತು ತಿಳಿಸದೆ ಒಂದರ ಹಿಂದೊಂದು ಮೂರು ಸಭೆ ತಪ್ಪಿಸಿದರೆ ಮಂಡಳಿಯವರು ಕೈ ಎತ್ತಿ ಓಟು ಹಾಕಿ ಸದಸ್ಯರ ಪಟ್ಟಿಯಿಂದ ಹೆಸರು ತೆಗೆದುಬಿಡಬಹುದು.

"ಆ ಭತ್ಯೆಗೆ ಒಂದು ದಿನ ಕ್ಲಿನಿಕ್ ಮುಚ್ಚಬೇಕಾ?" ಎಂದೆ.

"ಮುಚ್ಚಬೇಕು," ಎಂದರು. "ಯಾರೋ ಒಬ್ಬ ಶೆಡ್ಡಿನಲ್ಲಿ ಕೂತು ಡಾಕ್ಟರ್ ಅಂತ ಬೋರ್ಡ್ ಹಾಕ್ಕೊಂಡು ಇಂಜೆಕ್ಷನ್ ಚುಚ್ತಾನೆ. ಕೀವು ಕಟ್ಟಿಸ್ಕೊಂಡು ಅವರೆಲ್ಲ ಬರೋದು ನನ್ನ ಹತ್ರ. ಅಲ್ಲಿ ಹೋಗಿ ಹೇಳೋಕಾದ್ರೂ ಒಂದು ಬಾಯಿ ಬೇಡ್ವಾ?"

ಹೀಗೆ ಸಭೆಯ ದಿನ ಬಂದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊಡೆ, ಟಿಫಿನ್ ಡಬ್ಬಿ. ಬಸ್ಸಿನಲ್ಲಿ ಸೀಟು ಸಿಕ್ಕರೂ ಅವರು ಕೂತು ಬಂದದ್ದನ್ನು ನಾನು ಕಂಡಿಲ್ಲ. ಯಾರಾದರೂ ಹೆಂಗಸು ಹತ್ತಿದರೆ, ವಯಸ್ಸಾದವರು ಹತ್ತಿದರೆ, ಕೈಗೆ ಪಟ್ಟಿ ಕಟ್ಟಿದವರು ಹತ್ತಿದರೆ ಎದ್ದುಬಿಡುತ್ತಿದ್ದರು. ನಮ್ಮ ಕಡೆಯ ಬಸ್ಸಿನಲ್ಲಿ ಇಂಥವರು ಹತ್ತದ ಸ್ಟಾಪೇ ಇರಲಿಲ್ಲ. ವಾಪಸು ಬರುವಾಗ ಭತ್ಯೆಯ ದುಡ್ಡಿನಲ್ಲಿ ನನಗೆ ಒಂದು ಮೊಳ ಮಲ್ಲಿಗೆ, ಮನೆಯೊಡತಿಗೆ ವೀಳ್ಯದೆಲೆ. "ಸರ್ಕಾರದ ಎಲೆ" ಎಂದು ಆಕೆ ಅದನ್ನು ಬೀದಿಗೆಲ್ಲ ತೋರಿಸಿ ಹಾಕಿಕೊಳ್ಳುತ್ತಿದ್ದರು.

ಒಂದು ಸಲ ಸಭೆಯಿಂದ ಬಂದವರು ಹೂವು ತಂದಿರಲಿಲ್ಲ. ಕೊಡೆಯನ್ನು ಗೂಟಕ್ಕೆ ಸಿಕ್ಕಿಸಿ ಕೂತರು. ಮಂಡಳಿಯಲ್ಲಿ ಒಬ್ಬರು ಹಿರಿಯ ಡಾಕ್ಟರಿದ್ದರಂತೆ. ಊರಿನಲ್ಲೆಲ್ಲ ಹೆಸರು ಮಾಡಿದವರು. ಮೂರು ಸಭೆಗೆ ಬರಲಿಲ್ಲ, ತಿಳಿಸಲೂ ಇಲ್ಲ. ಆ ದಿನ ಅವರ ಹೆಸರು ತೆಗೆಯುವ ವಿಷಯ ಬಂತು.

"ನಾನೂ ಕೈ ಎತ್ತಿದೆ," ಎಂದರು. "ನಿಯಮ ಅಂದಮೇಲೆ ಎತ್ತಲೇಬೇಕಲ್ಲ. ಆಮೇಲೆ ಹೊರಗೆ ಬಂದಾಗ ಯಾರೋ ಅಂದ್ರು, ಅವರ ಹೆಂಡತಿ ಹಾಸಿಗೆ ಹಿಡಿದಿದ್ದಾರಂತೆ. ಅವರೇ ಅಡುಗೆ ಮಾಡಿ, ಅವರೇ ಉಣ್ಣಿಸ್ತಾರಂತೆ."

"ನಿಮಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ," ಎಂದರು.

ಮುಂದಿನ ವರ್ಷ ಇವರದೇ ಎರಡು ಸಭೆ ಒಂದರ ಹಿಂದೊಂದು ತಪ್ಪಿದವು, ತಿಳಿಸಲೂ ಆಗಲಿಲ್ಲ. ಮೊದಲನೆಯ ದಿನ ಬಿಳಿ ಅಂಗಿ ಹಾಕಿಕೊಂಡು ಬಾಗಿಲು ದಾಟುತ್ತಿದ್ದರು, ಅಷ್ಟರಲ್ಲಿ ಒಬ್ಬರನ್ನು ಗೋಣಿಚೀಲದ ಮೇಲೆ ಎತ್ತಿಕೊಂಡು ಬಂದರು. ಪ್ರೆಸ್ ಮಿಷನ್ನಿಗೆ ಕೈ ಕೊಟ್ಟವರು. ಅವರ ಎರಡು ಬೆರಳು ಹೋದವು, ಕೈ ಉಳಿಯಿತು, ಇವರ ಬಿಳಿ ಅಂಗಿ ಮತ್ತೆ ಬಿಳಿಯಾಗಲಿಲ್ಲ. ಎರಡನೆಯ ಸಭೆಯ ಹೊತ್ತಿಗೆ ಇವರೇ ಮಲಗಿದ್ದರು. ಎದೆಯಲ್ಲಿ ನೋವು, ನಡೆದರೆ ಏದುಸಿರು. ತಮಗೇನಾಗಿದೆ ಎಂದು ಅವರಿಗೆ ಗೊತ್ತಿತ್ತು. ಡಾಕ್ಟರಿಗೆ ಅದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ.

ಮೂರನೆಯ ಸಭೆಗೆ ಇನ್ನೂ ಸಮಯವಿದ್ದಾಗಲೇ ನಾನು ಹೇಳಿದೆ: "ಹುಷಾರಿಲ್ಲ ಅಂತ ಒಂದು ಮಾತು ತಿಳಿಸಿಬಿಡಿ. ತಿಳಿಸಿದರೆ ಬಿಡ್ತಾರೆ ಅಂತ ನೀವೇ ಹೇಳಿದ್ರಲ್ಲ."

"ಬಿಡ್ತಾರೆ," ಎಂದರು. "ಆದ್ರೆ ಆ ಹಿರಿಯರ ಮನೇಲಿ ಏನಾಗಿದೆ ಅಂತ ಕೇಳದೆ ಕೈ ಎತ್ತಿದೋನು ನಾನು. ಈಗ ನನಗೆ ಮಾತ್ರ ರಜ ಕೊಡಿ ಅಂತ ಹೇಗೆ ಕೇಳಲಿ? ಹೋಗಿ ಒಂದು ಸಹಿ ಹಾಕಿ ಬರ್ತೀನಿ. ಸಹಿ ಹಾಕಿದ್ರೆ ಹಾಜರು."

"ಹಾಕದಿದ್ರೆ?"

"ಗೈರು. ಗೈರು ಅಂತ ಅನ್ನಿಸ್ಕೊಂಡು ಹೆಸರು ಹೋಗೋದು ಬೇಡ. ರಾಜೀನಾಮೆ ಬೇಕಾದ್ರೆ ಆಮೇಲೆ ಕೊಡ್ತೀನಿ, ಎದುರಿಗೆ ಕೂತು ಕೊಡ್ತೀನಿ."

ಆಟೋದಲ್ಲಿ ಹೋಗಿ ಎಂದೆ. ಮಂಡಳಿ ಕೊಡುವುದು ಬಸ್ ಚಾರ್ಜು ಎಂದು ನಕ್ಕರು, ಭುಜ ಅಲುಗಿತು. ಬಸ್ ಸ್ಟಾಪಿನವರೆಗೆ ನಾನೂ ಹೋದೆ. ಬಸ್ಸು ಹೊರಟಾಗ ಹಿಂದಿನ ಗಾಜಿನಲ್ಲಿ ಅವರ ಕೊಡೆಯ ಹಿಡಿ ಕಾಣಿಸಿತು. ಎಂದಿನಂತೆ ನಿಂತೇ ಇದ್ದರು.

ಮಧ್ಯಾಹ್ನ ಒಂದು ವ್ಯಾನು ಬಂತು. ಮನೆಯೊಡತಿ ಜೀಪಿಗೆಂದು ಗುಡಿಸಿಟ್ಟಿದ್ದ ಜಾಗದಲ್ಲೇ ಬಂದು ನಿಂತಿತು. ಆಕೆ ವ್ಯಾನು ಕಂಡು ನಗುತ್ತಾ ಎದ್ದು ಬಂದವರು, ಹಿಂದಿನ ಬಾಗಿಲು ತೆರೆದಾಗ ಅಲ್ಲೇ ಕುಸಿದು ಕೂತರು. ಮಂಡಳಿಯ ಜವಾನರು ಅವರ ಕೊಡೆಯನ್ನೂ ಟಿಫಿನ್ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಇಳಿದರು. "ಬೇಗ ಬಂದುಬಿಟ್ಟಿದ್ರಮ್ಮ. ಸಭೆ ಬಾಗಿಲು ಇನ್ನೂ ತೆಗೆದಿರಲಿಲ್ಲ. ಹೊರಗಡೆ ಬೆಂಚ್ ಮೇಲೆ ಕೂತ್ಕೊಂಡ್ರು. ನೀರು ಕೇಳಿದ್ರು. ತರೋಷ್ಟರಲ್ಲಿ..." ಎಂದರು. ಟಿಫಿನ್ ಡಬ್ಬಿ ನನ್ನ ಕೈಗೆ ಬಂದಾಗ ಇನ್ನೂ ಭಾರವಾಗಿತ್ತು.

ಅತ್ತು ಮುಗಿದ ದಿನಗಳಲ್ಲಿ ನನ್ನನ್ನು ಕಾಡಿದ್ದು ಒಂದೇ ವಿಷಯ. ಬಾಗಿಲು ತೆಗೆದಿರಲಿಲ್ಲ, ಅಂದರೆ ಸಹಿ ಹಾಕಿರಲಿಲ್ಲ. ಮೊದಲಿನ ಎರಡು, ಇದು ಮೂರನೆಯದು. ಯಾವ ಮಾತಿಗೆ ಅಂಜಿ ಆ ನೋವಿನಲ್ಲಿ ಬಸ್ಸು ಹತ್ತಿದರೋ ಆ ಗೈರು ಎಂಬ ಮಾತೇ ಅವರ ಹೆಸರಿನ ಮುಂದೆ ಬೀಳುತ್ತದೆ. ಬೇರೆಯವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಮಾತ್ರ, ಸಿರಿಂಜುಗಳ ಕಿಣಿಕಿಣಿ ನಿಂತ ಮೇಲೆ ಅವರು ಮುಂದಿನ ಕೋಣೆಯಲ್ಲಿ ನಿಂತು ಅದನ್ನೇ ಕೇಳುತ್ತಿರುವಂತೆ ತೋರುತ್ತಿತ್ತು. ಏನು ಬರೆದರು, ನೋಡಿದೆಯಾ? ಬಾಗಿಲು ತಳ್ಳಿ ನೋಡಿದರೆ ಪರದೆ ಅಲುಗುತ್ತಿರುತ್ತಿತ್ತು, ಸ್ಪಿರಿಟ್ಟಿನ ವಾಸನೆ ಆಗತಾನೆ ಮುಚ್ಚಳ ತೆಗೆದಷ್ಟು ಹಸಿಯಾಗಿರುತ್ತಿತ್ತು.

ಪಟ್ಟಿ ಬದಲಾಯಿಸಿಕೊಳ್ಳಲು ಜನ ಇನ್ನೂ ಬರುತ್ತಿದ್ದರು. ಬೇರೆ ಡಾಕ್ಟರ ಹತ್ತಿರ ಹೋಗಿ ಎಂದರೆ, "ಇವತ್ತೊಂದು ದಿನ ನೀವೇ ಕಟ್ಟಿಬಿಡಿ ಅಕ್ಕ" ಎಂದು ಬೆಂಚಿನ ಮೇಲೆ ಕೂರುತ್ತಿದ್ದರು. ಹಾಗೆ ಬಂದವರಲ್ಲಿ ಆ ಎರಡು ಬೆರಳು ಕಳೆದುಕೊಂಡವರೂ ಇದ್ದರು. ಅವರ ಜೊತೆ ಅದೇ ಕಾರ್ಖಾನೆಯ ಲೇತ್ ಮಿಷನ್ನಿನ ಕೆಲಸದವರೊಬ್ಬರು, ಯೂನಿಯನ್ನಿನಲ್ಲಿ ಗಟ್ಟಿ ಬಾಯಿಯವರು.

"ಅಕ್ಕ, ಸಾರ್ ಜಾಗಕ್ಕೆ ಅರ್ಜಿ ಹಾಕಿದ್ರಾ?" ಎಂದರು ಲೇತಿನವರು.

"ಯಾವ ಜಾಗ?"

"ಅದೇ, ಮಂಡಳೀದು. ಡ್ಯೂಟಿ ಮೇಲೆ ಹೋಗಿ ತೀರ್ಕೊಂಡವ್ರೆ. ನಮ್ ಕಂಪ್ನೀಲಿ ಡ್ಯೂಟಿ ಮೇಲೆ ಸತ್ರೆ ಹೆಂಡ್ತಿಗೋ ಮಗನಿಗೋ ಆ ಜಾಗ ಕೊಡ್ಲೇಬೇಕು. ಸುಮ್ನೆ ಬಿಡೋಕಾಗಲ್ಲ."

ಪೀಣ್ಯದಲ್ಲಿ ಹಾಗೇ ಇತ್ತು. ಮಿಷನ್ನಿನ ಮುಂದೆ ಮನುಷ್ಯ ಹೋದರೆ, ಹದಿನೈದು ದಿನ ಕಳೆದ ಮೇಲೆ ಅವನ ಹೆಂಡತಿ ಅವನದೇ ಟಿಫಿನ್ ಡಬ್ಬಿ ಹಿಡಿದು ಅದೇ ಗೇಟಿನಲ್ಲಿ ನಿಂತಿರುತ್ತಿದ್ದಳು. ಆ ಜನಕ್ಕೆ ಸಾವು ಅಂದರೆ ಒಂದು ಜಾಗ ಖಾಲಿಯಾಗುವುದು, ಆ ಜಾಗ ಮನೆಗೇ ಬರಬೇಕಾದದ್ದು. ಎಲ್ಲ ಕಡೆಯೂ ಹಾಗೇ ಎಂದು ಅವರು ನಂಬಿದ್ದರು.

"ಅದು ನೌಕರಿ ಅಲ್ಲಪ್ಪ. ಡಾಕ್ಟರೇ ಆಗಿರಬೇಕು," ಎಂದೆ.

"ಡಾಕ್ಟರ್ ಕೆಲ್ಸ ಬೇಡ, ಬೇರೆ ಏನಾರ ಕೊಡ್ಲಿ. ನಾವಿದೀವಿ, ನಡೀರಿ."

ಮನೆಯೊಡತಿಯೂ ಸೇರಿಕೊಂಡರು. "ಓಗವ್ವ. ಕೇಳ್ದೆ ಯಾರ್ ಕೊಟ್ಟಾರು?"

ಅವರಿಗೆ ಬೇಕಾದದ್ದು ಬೇರೆ, ನನಗೆ ಬೇಕಾದದ್ದು ಬೇರೆ. ಆದರೂ ಹೋಗಬೇಕಾದ ಜಾಗ ಒಂದೇ ಆಗಿದ್ದರಿಂದ ನಾನು ಸೆರಗು ಹೊದ್ದು ಆ ಇಬ್ಬರು ಕೆಲಸಗಾರರ ಜೊತೆ ಹೊರಟೆ.

ಮಂಡಳಿಯ ಕಚೇರಿಯಲ್ಲಿ ಆ ಬೆಂಚನ್ನು ಮೊದಲು ಕಂಡೆ. ಹಳೆಯ ಕಟ್ಟಡದ ಪಡಸಾಲೆಯಲ್ಲಿ, ಸಭೆಯ ಬಾಗಿಲ ಪಕ್ಕದಲ್ಲೇ ಇತ್ತು. ಕೈ ಚಾಚಿದರೆ ಬಾಗಿಲ ಚಿಲಕ ಸಿಗುವಷ್ಟು ಹತ್ತಿರ. ಜವಾನರು ನನ್ನನ್ನು ಗುರುತು ಹಿಡಿದು ಅಲ್ಲೇ ಕೂರಲು ಹೇಳಿದರು. ಕೂತೆ. ಬೆಂಚಿನ ಮರ ಬೆಚ್ಚಗಿತ್ತು. ಈಗತಾನೆ ಯಾರೋ ಎದ್ದುಹೋದಂತೆ. ಕಿಟಕಿಯಿಂದ ಅಲ್ಲಿಗೆ ಬಿಸಿಲು ಬೀಳುತ್ತಿತ್ತು ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ತೆರೆದ ಬಾಗಿಲಿನಿಂದ ಉದ್ದನೆಯ ಮೇಜು ಕಾಣುತ್ತಿತ್ತು, ಅದರ ಸುತ್ತ ಕುರ್ಚಿಗಳು. ಅವರದು ಯಾವುದು ಎಂದು ಕೇಳಲಿಲ್ಲ. ಕೊನೆಯಲ್ಲಿದ್ದ ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದಂತಿತ್ತು. ಅದೇ ಇರಬೇಕು ಅಂದುಕೊಂಡೆ.

ಮಂಡಳಿಯ ರಿಜಿಸ್ಟ್ರಾರು ವಯಸ್ಸಾದವರು, ಮೆತ್ತನೆಯ ಮಾತಿನವರು. ನಮ್ಮನ್ನು ಒಳಗೆ ಕರೆದು ಕೂರಿಸಿದರು. ನಾನು ಬಾಯಿ ತೆರೆಯುವ ಮುನ್ನವೇ ಲೇತಿನವರು ಶುರುಮಾಡಿದರು.

"ಸಾರ್, ನಮ್ ಡಾಕ್ಟರ್ ಜಾಗಾನ ಅಕ್ಕನಿಗೆ ಕೊಡ್ಬೇಕು."

"ಇದು ಸಂಬಳದ ಹುದ್ದೆ ಅಲ್ಲಪ್ಪ. ಸರ್ಕಾರ ನೇಮಿಸಬೇಕು. ನೇಮಿಸಬೇಕಾದ್ರೆ ಅವರ ಹೆಸರು ಡಾಕ್ಟರ್‌ಗಳ ರಿಜಿಸ್ಟರ್‌ನಲ್ಲಿ ಇರ್ಬೇಕು."

"ನಮ್ ಫೋರ್ಮನ್ ಸತ್ತಾಗ ಅವರ ಹೆಂಡ್ತಿಗೇನು ಫೋರ್ಮನ್ ಕೆಲ್ಸ ಬರ್ತಿತ್ತಾ ಸಾರ್? ಪ್ಯಾಕಿಂಗ್‌ಗೆ ಹಾಕೊಂಡ್ರು. ಇಲ್ಲೂ ಯಾವ್ದಾದ್ರೂ ಪ್ಯಾಕಿಂಗ್ ಕೆಲ್ಸ..."

"ಇಲ್ಲಿ ಪ್ಯಾಕ್ ಮಾಡೋಕೆ ಏನಿದೆ ಮಾರಾಯ?" ಎಂದರು ರಿಜಿಸ್ಟ್ರಾರು. ಕೋಪದಿಂದಲ್ಲ, ನಿಜವಾಗಿಯೂ ಸುತ್ತ ನೋಡಿ ಹೇಳಿದರು. ಬೆರಳಿಲ್ಲದವರು ಲೇತಿನವರ ತೋಳು ಜಗ್ಗಿದರು. "ಸುಮ್ನಿರು ಗುರು. ಅಕ್ಕ ಏನೋ ಕೇಳ್ಬೇಕಂತಿದಾರೆ."

ನಾನು ಕೇಳಿದೆ. "ಅವರ ಹೆಸರಿನ ಮುಂದೆ ಏನು ಬರೆದಿದ್ದೀರಿ?"

ರಿಜಿಸ್ಟ್ರಾರಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ: ಮೊದಲಿನ ಎರಡು ಸಭೆ, ಆ ಹಿರಿಯ ಡಾಕ್ಟರು, ಇವರು ಎತ್ತಿದ ಕೈ, ರಜ ಕೇಳಲು ಒಪ್ಪದ್ದು, ಸಹಿ. ರಿಜಿಸ್ಟ್ರಾರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇನ್ನೂ ಬರೆದಿಲ್ಲಮ್ಮ. ಆ ದಿನ ಸಭೇನೇ ನಡೀಲಿಲ್ಲ, ಮುಂದಕ್ಕೆ ಹಾಕಿದ್ರು. ಬಂದವರೆಲ್ಲ ಸಹಿ ಮಾಡಿ ಹೋದ್ರು. ಅವರ ಸಹಿ ಇಲ್ಲ. ಸಹಿ ಇಲ್ಲದೆ ಹಾಜರು ಅಂತ ನಾನು ಬರೆಯೋ ಹಾಗಿಲ್ಲ."

"ಬಂದಿದ್ದರಲ್ಲ."

"ಬಂದಿದ್ರು," ಎಂದರು. ಮತ್ತೊಮ್ಮೆ, "ಬಂದಿದ್ರು."

ಬಾಗಿಲ ಬಳಿ ನಿಂತಿದ್ದ ಜವಾನರು ತಲೆ ತಗ್ಗಿಸಿದರು. ನನಗೆ ನನ್ನ ಹಿಂದೆ ಯಾರೋ ಉಸಿರು ಹಿಡಿದು ನಿಂತಿರುವಂತೆ ಅನಿಸಿತು, ಕಣ್ಣಿನ ಚೂರು ತೆಗೆಯುವಾಗ ಅವರು ಹಿಡಿಯುತ್ತಿದ್ದರಲ್ಲ, ಹಾಗೆ. ಹಿಂದಕ್ಕೆ ನೋಡಲಿಲ್ಲ.

ಆಮೇಲೆ ರಿಜಿಸ್ಟ್ರಾರು ನಿಧಾನವಾಗಿ, ತಮಗೇ ಹೇಳಿಕೊಳ್ಳುವಂತೆ ಮಾತಾಡಿದರು. "ಭತ್ಯೆ ಕೊಡೋಕಾಗಲ್ಲ. ಅದು ಸಭೆಯಲ್ಲಿ ಭಾಗವಹಿಸಿದವರಿಗೆ. ಆದರೆ ಪ್ರಯಾಣದ ಖರ್ಚು ಬೇರೆ. ಅದು ಸಭೆಗೋಸ್ಕರ ಮನೆ ಬಿಟ್ಟು ಇಲ್ಲಿಗೆ ಬಂದವರಿಗೆ. ಸಭೆ ಮುಂದಕ್ಕೆ ಹೋದರೂ ಕೊಡಲೇಬೇಕು. ಅವರು ಇಲ್ಲಿಗೆ ಬಂದಿದ್ದಕ್ಕೆ ಈ ಜವಾನ ಸಾಕ್ಷಿ, ನಾನೂ ಸಾಕ್ಷಿ." ಒಂದು ಕ್ಷಣ ನಿಲ್ಲಿಸಿದರು. "ಬರೋ ದಾರಿದು ಕೊಡಬಹುದು. ವಾಪಸ್ ಹೋಗೋದು... ಅದು ವ್ಯಾನಿನಲ್ಲಿ ಆಯ್ತು. ಅದನ್ನ ಬರೆಯೋಕೆ ಬರಲ್ಲಮ್ಮ. ತಪ್ಪು ತಿಳೀಬೇಡಿ."

"ಗೈರಾದವರಿಗೆ ಈ ಚಾರ್ಜು ಕೊಡ್ತೀರಾ?"

"ಅವರಿಗೆ ಹೇಗೆ ಕೊಡೋಕಾಗುತ್ತೆ? ಕೊಟ್ಟಮೇಲೆ ಗೈರು ಅಂತ ಬರೆಯೋಕೂ ಆಗಲ್ಲ." ಕನ್ನಡಕ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. "ನಿಧನದಿಂದ ಸ್ಥಾನ ಖಾಲಿ ಅಂತ ಬರೆಯಬೇಕಾಗುತ್ತೆ. ಅಷ್ಟೇ ಬರೆಯೋದು."

"ಕೊಡಿ," ಎಂದೆ.

ಅವರು ತಾವೇ ಎದ್ದು ಚಿಲ್ಲರೆ ಖರ್ಚಿನ ಡಬ್ಬಿ ತೆಗೆದರು. ದಾಸರಹಳ್ಳಿಯಿಂದ ಬರುವ ಬಸ್ಸಿನ ಚಾರ್ಜು ಎಷ್ಟು ಎಂದು ಲೇತಿನವರನ್ನೇ ಕೇಳಿದರು. ಲೇತಿನವರ ಗಟ್ಟಿ ಬಾಯಿ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾನು ಯಜಮಾನರ ಪರವಾಗಿ ಚಾರ್ಜಿನ ರಸೀದಿಗೆ ಸಹಿ ಹಾಕಿದೆ. ನಾಣ್ಯಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಮೆಜೆಸ್ಟಿಕ್ಕಿನಲ್ಲಿ ನಮ್ಮ ಬಸ್ಸು ಸಿಕ್ಕಿತು. ಜನ ಇನ್ನೂ ತುಂಬಿರಲಿಲ್ಲ. ನನಗೆ ಕಿಟಕಿಯ ಪಕ್ಕ ಸೀಟು, ಅವರಿಬ್ಬರೂ ಹಿಂದಿನ ಸೀಟಿನಲ್ಲಿ. ಲೇತಿನವರು ಇನ್ನೂ ಗೊಣಗುತ್ತಿದ್ದರು. "ಯೂನಿಯನ್ ಇಲ್ಲದ ಕಡೆ ಇಂಗೇ ಕಣೋ. ಒಂದು ಪ್ಯಾಕಿಂಗ್ ಕೆಲ್ಸ ಇಲ್ವಂತೆ." ಕಂಡಕ್ಟರು ಬಂದಾಗ ಲೇತಿನವರೇ ನಮ್ಮ ಮೂವರಿಗೂ ಟಿಕೆಟ್ ತೆಗೆದುಕೊಂಡರು. ನಾನು ಸೆರಗಿನ ಗಂಟು ಬಿಚ್ಚಿ ಆ ನಾಣ್ಯಗಳನ್ನು ಕಂಡಕ್ಟರಿನ ಅಂಗೈಗೆ ಹಾಕಿದೆ.

"ದಾಸರಹಳ್ಳಿ ಇನ್ನೊಂದು."

"ನಿಮ್ದು ಆಯ್ತಲ್ಲಮ್ಮ. ಇವ್ರು ತಗೊಂಡ್ರು."

"ಇನ್ನೊಂದು ಕೊಡಿ."

"ಮೂರು ಜನಕ್ಕೆ ನಾಲ್ಕು ಟಿಕೆಟ್ಟಾ? ಮಗು ಏನಾದ್ರೂ ಇದೆಯಾ ಸೀಟ್ ಕೆಳಗೆ?"

"ಕೊಡು ಗುರು, ಕೇಳ್ಬೇಡ," ಎಂದರು ಹಿಂದಿನಿಂದ ಬೆರಳಿಲ್ಲದವರು. ಕಂಡಕ್ಟರು ಅವರ ಮುಖ ನೋಡಿ, ನನ್ನ ಬರಿಯ ಹಣೆ ನೋಡಿ, ಟಿಕೆಟ್ ಹರಿದು ಕೊಟ್ಟು ಮುಂದೆ ಹೋದರು.

ಆ ಟಿಕೆಟನ್ನು ನನ್ನ ಪಕ್ಕದ ಖಾಲಿ ಸೀಟಿನ ಮೇಲೆ ಇಟ್ಟು ಅಂಗೈಯಿಂದ ಮುಚ್ಚಿದೆ. ಯಶವಂತಪುರದಲ್ಲಿ ತರಕಾರಿ ಮಂಕರಿ ಹೊತ್ತ ಹೆಂಗಸು ಹತ್ತಿ, ನನ್ನ ಕೈಯನ್ನೂ ಸೀಟನ್ನೂ ನೋಡಿ, "ಯಾರಾನ ಅವ್ರಾ ಅಕ್ಕ?" ಎಂದಳು. ಅವರು ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ನನಗೆ ಗೊತ್ತಿತ್ತು. ಟಿಕೆಟ್ ಎತ್ತಿಕೊಂಡು, ಕೂತ್ಕೋ ಎಂದೆ. ಅವಳು ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ ದಾರಿಯುದ್ದಕ್ಕೂ ನಾನು ನಿಂತವರ ಕಡೆಗೇ ನೋಡುತ್ತಿದ್ದೆ. ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಶಿಫ್ಟು ಬಿಟ್ಟವರು ಹತ್ತಿ ಬಸ್ಸು ಕಿಕ್ಕಿರಿಯಿತು. ಎಣ್ಣೆಯ ಅಂಗಿಗಳು, ಮೇಲಿನ ಕಂಬಿಗೆ ಜೋತ ಕೈಗಳು. ಅಷ್ಟು ಕೈಗಳ ನಡುವೆ ಯಾವುದು ಯಾರದು ಎಂದು ಹೇಳಲಾಗುತ್ತಿರಲಿಲ್ಲ.

ದಾಸರಹಳ್ಳಿಯಲ್ಲಿ ಅವರಿಬ್ಬರೂ ಮೊದಲು ಇಳಿದರು. ನಾನು ಇಳಿದು, ಮೆಟ್ಟಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಬಾಗಿಲ ಕಂಬಿಯ ಮೇಲೆ ಕೈ ಇಟ್ಟುಕೊಂಡೇ ನಿಂತೆ. ಕಂಡಕ್ಟರು ಬಾಗಿ ನೋಡಿದರು.

"ಇನ್ನೂ ಯಾರಾದ್ರೂ ಇಳಿಯೋರಿದ್ದಾರೇನಮ್ಮ?"

ಸ್ವಲ್ಪ ತಡೆದು ಕಂಬಿಯಿಂದ ಕೈ ತೆಗೆದೆ.

"ಇಳಿದ್ರು," ಎಂದೆ. "ಹೊರಡಿ."